ತೇರಿನ ಊರಿನ ದಾರಿಯಲ್ಲಿ ಚಾಲಕನಿಲ್ಲದ ಕಾರು

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಬೆನ್ನಿಗೆ ಹಾಕಿಕೊಂಡು ಪಾವಗಡದ ಕಡೆಗೆ ಹೊರಟ ಬಸ್ಸು ಮಿಡಿಗೇಶಿಯನ್ನು ದಾಟಿ ಮುಂದೆ ಸಾಗಿದರೆ ಕರ್ನಾಟಕ ಮುಗಿದು ಆಂಧ್ರಪ್ರದೇಶದ ಮಡಕಶಿರಾ ಸೀಮೆ ಶುರುವಾಗುತ್ತದೆ. ಪ್ರಯಾಣಿಕರು ಒಂದು ನಿದ್ದೆ ತೆಗೆದು ಕಣ್ಣು ಬಿಡುವಷ್ಟರಲ್ಲಿ ಮತ್ತೆ ಕರ್ನಾಟಕ! ಸುತ್ತಲೂ ಬಹುಪಾಲು ಆಂಧ್ರವನ್ನೇ ನೆರೆಯಾಗಿ ಪಡೆದ ಪಾವಗಡ ತಾಲ್ಲೂಕಿನ ವೈಚಿತ್ರ್ಯ ಇದು. ಅಂಗಡಿ ಬೋರ್ಡುಗಳ ಅಕ್ಷರ ಬದಲಾಗುತ್ತದೆಯೇ ಹೊರತು ಕೆಂಪು ಮಣ್ಣು, ಕಲ್ಲುಗುಂಡಿನ ಗುಡ್ಡ, ಕಡಲೆಕಾಯಿ ಹೊಲ, ಜಾಲಿ ಗಿಡ ಯಾವುದೂ ಬದಲಾಗುವುದಿಲ್ಲ. ಬಸ್ಸಿನ ಚಾಲಕನಿಗಂತೂ ಗಡಿ ಎಂಬುದೇ ಇಲ್ಲ. ರಸ್ತೆಗೆ ಅಡ್ಡ ಬಂದ ಕುರಿಮಂದೆಯ ಯಜಮಾನನಿಗೆ ಒಮ್ಮೆ "ಅಣ್ಣಾ, ಕುರಿ ಒಂಚೂರು ಪಕ್ಕಕ್ಕೆ ಹೊಡ್ಕೋ" ಎನ್ನುತ್ತಾನೆ. ಇನ್ನೊಮ್ಮೆ "ಅನ್ನಾ, ಗೊರ್ರೆಲು ಪಕ್ಕಕು ತೋಲು" ಎನ್ನುತ್ತಾನೆ. ಎರಡಕ್ಕೂ ಕುರಿಗಳು ಒಂದೇ ರೀತಿ ತಡ ಮಾಡುತ್ತವೆ.

ಪಾವಗಡದಿಂದ ನಾಗಲಮಡಿಕೆಗೆ ಹದಿನಾಲ್ಕು ಕಿಲೋಮೀಟರಿನ ಆಸುಪಾಸು. ಈ ದಾರಿಯಲ್ಲಿ ಸಾಗುವವರು ಒಂದು ಕ್ಷಣ ಹೀಗೆ ಊಹಿಸಿಕೊಳ್ಳಬಹುದು: ಇದೇ ರಸ್ತೆಯಲ್ಲಿ ಚಾಲಕನೇ ಇಲ್ಲದ ಕಾರುಗಳ ಪಂದ್ಯ ಏರ್ಪಟ್ಟರೆ ಗೆಲ್ಲುವವರು ಯಾರು?

ಇದು ಕೇವಲ ತಮಾಷೆಯ ಪ್ರಶ್ನೆಯಲ್ಲ. ಇಂಥ ಪಂದ್ಯ ಮೊದಲು ನಡೆದದ್ದೇ ಪಾವಗಡದಂಥ ಒಂದು ಬಿಸಿಲುನಾಡಿನಲ್ಲಿ. 2004ರ ಮಾರ್ಚ್ 13ರಂದು ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಹತ್ತು ಲಕ್ಷ ಡಾಲರ್ ಬಹುಮಾನವಿಟ್ಟು ಪಂದ್ಯ ಕಟ್ಟಿತು. ಬಾರ್‌ಸ್ಟೋ ಎಂಬ ಊರಿನಿಂದ ಪ್ರಿಮ್ ಎಂಬ ಊರಿನವರೆಗೆ ಸುಮಾರು 229 ಕಿಲೋಮೀಟರು ದೂರವನ್ನು ವಾಹನ ತಾನೇ ಓಡಿ ಮುಗಿಸಬೇಕು. ಅಂತಿಮ ಸುತ್ತಿಗೆ ಆಯ್ಕೆಯಾದ ತಂಡಗಳು ಹದಿನೈದು. ಗುರಿ ಮುಟ್ಟಿದವು ಸೊನ್ನೆ. ಎಲ್ಲರಿಗಿಂತ ಹೆಚ್ಚು ದೂರ ಹೋದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ 'ಸ್ಯಾಂಡ್‌ಸ್ಟಾರ್ಮ್' ವಾಹನ ಓಡಿದ್ದು ಹನ್ನೆರಡು ಕಿಲೋಮೀಟರಿಗೂ ಕಡಿಮೆ. ಒಂದು ತಿರುವಿನಲ್ಲಿ ದಿಬ್ಬಕ್ಕೆ ಸಿಕ್ಕಿಕೊಂಡು ಅದು ನಿಂತುಬಿಟ್ಟಿತು. ನಾಗಲಮಡಿಕೆಯ ರಸ್ತೆಗೆ ಅದನ್ನು ಬಿಟ್ಟಿದ್ದರೆ ಊರು ಕಣ್ಣಿಗೆ ಬೀಳುವ ಮೊದಲೇ ಪಂದ್ಯ ಮುಗಿದಿರುತ್ತಿತ್ತು.

ಆದರೆ ಸೋತವರು ಸುಮ್ಮನೆ ಕೂರಲಿಲ್ಲ. ಮರುವರ್ಷ, 2005ರ ಅಕ್ಟೋಬರ್ 8ರಂದು, ಸುಮಾರು 212 ಕಿಲೋಮೀಟರಿನ ದಾರಿಯನ್ನು ಐದು ವಾಹನಗಳು ಪೂರೈಸಿದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 'ಸ್ಟ್ಯಾನ್ಲಿ' 6 ಗಂಟೆ 54 ನಿಮಿಷಗಳಲ್ಲಿ ಮೊದಲು ಬಂದು ಇಪ್ಪತ್ತು ಲಕ್ಷ ಡಾಲರ್ ಬಹುಮಾನ ಗೆದ್ದಿತು. ಅದರ ಜಾಣ್ಮೆ ತಿಳಿದುಕೊಳ್ಳುವಂಥದ್ದು. ಕಾರಿನ ತಲೆಯ ಮೇಲಿದ್ದ ಲೇಸರ್ ಸಾಧನ ಬೆಳಕಿನ ಕಿರಣವನ್ನು ಕಳಿಸಿ, ಅದು ತಾಗಿ ಮರಳುವ ಹೊತ್ತನ್ನು ಅಳೆಯುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು. ಹಾಗಾಗಿ ಮೂವತ್ತು ಮೀಟರ್ ದೂರದ ಬಂಡೆಯಿಂದ ಕಿರಣ ಹಿಂದಿರುಗಲು ಸೆಕೆಂಡಿನ ಐವತ್ತು ಲಕ್ಷದಲ್ಲೊಂದು ಭಾಗ ಸಾಕು. ಹೀಗೆ ಹತ್ತಿರದ ನೆಲ ಸಮತಟ್ಟಾಗಿದೆಯೆಂದು ಲೇಸರ್ ಹೇಳಿದರೆ, ಆ ನೆಲದ ಬಣ್ಣ ಹೇಗಿದೆಯೆಂದು ಕ್ಯಾಮೆರಾ ನೋಡಿಕೊಳ್ಳುತ್ತದೆ. ದೂರದಲ್ಲಿ ಅದೇ ಬಣ್ಣ ಕಂಡರೆ ಅದೂ ದಾರಿಯೇ ಇರಬೇಕೆಂದು ಗಣಕಯಂತ್ರ ಲೆಕ್ಕ ಹಾಕುತ್ತದೆ. ಹೊಸ ಊರಿಗೆ ಬಂದ ಮಗು ಕಾಲಕೆಳಗಿನ ದಾರಿಯನ್ನು ನೋಡಿ ಮುಂದಿನ ದಾರಿಯನ್ನು ಗುರುತಿಸುವುದೂ ಹೀಗೆಯೇ ಅಲ್ಲವೇ?

ಕನ್ನಡ ನಾಡಿನವರೂ ಈ ಕಣದಲ್ಲಿ ಹಿಂದೆ ಬಿದ್ದಿಲ್ಲ. ಮಣಿಪಾಲದ ತಾಂತ್ರಿಕ ಕಾಲೇಜಿನ 'ಪ್ರಾಜೆಕ್ಟ್ ಮಾನಸ್' ಎಂಬ ವಿದ್ಯಾರ್ಥಿ ತಂಡ ಅಮೆರಿಕದ ಮಿಷಿಗನ್‌ನಲ್ಲಿ 1993ರಿಂದ ನಡೆದುಬಂದಿರುವ ಬುದ್ಧಿವಂತ ವಾಹನಗಳ ಸ್ಪರ್ಧೆಗೆ ತನ್ನ ಗಾಡಿಯನ್ನು ಒಯ್ದಿದೆ. ಅಲ್ಲಿನ ಗಾಡಿ ದೊಡ್ಡದಲ್ಲ. ನೆಲದ ಮೇಲೆ ಎಳೆದ ಬಿಳಿ ಗೆರೆಗಳ ನಡುವೆ, ಪೀಪಾಯಿಗಳಿಗೆ ತಾಗದೆ, ಗುಂಡಿಗೆ ಬೀಳದೆ, ಸುಮಾರು ಒಂಬತ್ತು ಕೆ.ಜಿ. ಭಾರ ಹೊತ್ತು ಅದು ತಾನೇ ಸಾಗಬೇಕು. ವೇಗ ಗಂಟೆಗೆ ಐದು ಮೈಲಿಯನ್ನು ಮೀರಬಾರದು. ಅಂದರೆ ನಮ್ಮ ಹಳ್ಳಿಯ ಸೈಕಲ್ಲು ಅದನ್ನು ಹಿಂದೆ ಹಾಕೀತು. ಆದರೂ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ನಿದ್ದೆಗೆಟ್ಟು ಅದಕ್ಕೆ ಬುದ್ಧಿ ಕಲಿಸಬೇಕು.

ಬೆಂಗಳೂರಿನಲ್ಲಿ ವಿಪ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಆರ್.ವಿ. ಎಂಜಿನಿಯರಿಂಗ್ ಕಾಲೇಜು ಸೇರಿ ರೂಪಿಸಿದ 'ವಿರಿನ್' ಎಂಬ ಚಾಲಕರಹಿತ ಕಾರಿನ ಮಾದರಿ 2025ರ ಅಕ್ಟೋಬರ್‌ನಲ್ಲಿ ಕಾಲೇಜಿನ ಆವರಣದಲ್ಲಿ ಓಡಿ ಎಲ್ಲರ ಕಣ್ಣು ಸೆಳೆಯಿತು. ಇಂಥ ಕಾರಿಗೆ ನಮ್ಮ ರಸ್ತೆಯ ಪಾಠ ಕಲಿಸಲು ಬೇಕಾದ ಪಠ್ಯಪುಸ್ತಕವೊಂದು ಅದಕ್ಕೂ ಮೊದಲೇ ತಯಾರಾಗಿತ್ತು. ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯವರು 2018ರಲ್ಲಿ ಬೆಂಗಳೂರು, ಹೈದರಾಬಾದ್ ಮತ್ತು ಅವುಗಳ ಹೊರವಲಯದ ರಸ್ತೆಗಳ ಹತ್ತು ಸಾವಿರ ಚಿತ್ರಗಳನ್ನು ಸಂಗ್ರಹಿಸಿ, ಪ್ರತಿಯೊಂದರಲ್ಲೂ ಏನೇನಿದೆ ಎಂದು 34 ವರ್ಗಗಳಲ್ಲಿ ಗುರುತು ಹಾಕಿಸಿದರು. ಆ ಚಿತ್ರಗಳನ್ನು ಮುಂದಿಟ್ಟು ಜಗತ್ತಿನ ತಂಡಗಳಿಗೆ ಸ್ಪರ್ಧೆಯನ್ನೂ ಏರ್ಪಡಿಸಿದರು. ಆಟೋರಿಕ್ಷಾಗೆ ಅಲ್ಲಿ ಒಂದು ವರ್ಗ, ಪ್ರಾಣಿಗಳಿಗೆ ಒಂದು ವರ್ಗ. ಇನ್ನೂ ಸ್ವಾರಸ್ಯದ ವರ್ಗವೊಂದಿದೆ: ರಸ್ತೆಯಲ್ಲ, ಆದರೆ ಅನಿವಾರ್ಯವಾದರೆ ಗಾಡಿ ಇಳಿಸಬಹುದಾದ ನೆಲ! ಟಾರು ಮುಗಿದು ಮಣ್ಣು ಶುರುವಾಗುವ ಅಂಚನ್ನು ಬಲ್ಲ ನಮ್ಮವರಿಗಲ್ಲದೆ ಈ ವರ್ಗ ಇನ್ನಾರಿಗೆ ಹೊಳೆದೀತು?

ನಾಗಲಮಡಿಕೆಯ ದಾರಿ ಇಂಥ ಪಾಠಗಳಿಂದಲೇ ತುಂಬಿದೆ. ಸುಗ್ಗಿಯ ಕಾಲದಲ್ಲಿ ಹುರುಳಿಯನ್ನೋ ರಾಗಿಯನ್ನೋ ರಸ್ತೆಗೇ ಹಾಸಿರುತ್ತಾರೆ. ಲೇಸರ್ ಕಣ್ಣಿಗೆ ಅದು ಅಡಚಣೆ, ಕಾರು ನಿಲ್ಲಬೇಕು. ಆದರೆ ಹಾಸಿದವರ ಆಸೆ ಬೇರೆ. ಬಸ್ಸು ಲಾರಿಗಳು ಅದರ ಮೇಲೆ ಓಡಿದರೇ ಕಾಳು ಬಿಡುವುದು. ಅದೇ ಕಾಳನ್ನು ತೂರಿ ಗುಡ್ಡೆ ಮಾಡಿ ಸುತ್ತ ನಾಲ್ಕು ಕಲ್ಲು ಇಟ್ಟರೆ, ಇನ್ನು ಮೇಲೆ ಹತ್ತಿಸಬೇಡಿ ಎಂದು ಅರ್ಥ. ಒಂದೇ ಬೆಳೆ, ಒಂದೇ ರಸ್ತೆ, ಎರಡು ಅರ್ಥ. ರಸ್ತೆಯಲ್ಲಿ ಒಕ್ಕಣೆ ಮಾಡುವುದು ಅಪಾಯ ಎಂಬುದು ನಿಜ. ಬೈಕು ಜಾರಿ ಬಿದ್ದವರು ಇದ್ದಾರೆ. ಆದರೂ ಈ ಸೂಕ್ಷ್ಮವನ್ನು ಬಸ್ಸಿನ ಚಾಲಕ ಯಾವ ಪುಸ್ತಕದಲ್ಲೂ ಓದಿದವನಲ್ಲ.

ಊರು ಉತ್ತರ ಪಿನಾಕಿನಿಯ ದಡದಲ್ಲಿದೆ. ತೆಲುಗರ ಬಾಯಲ್ಲಿ ಇದು ಪೆನ್ನಾ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಬರುವ ಈ ನದಿ ವರ್ಷದ ಬಹುಕಾಲ ಮರಳಿನ ಹರವು ಮಾತ್ರ. ದಡದ ಸುಬ್ರಹ್ಮಣ್ಯ ದೇವಾಲಯದಿಂದಲೇ ಊರಿಗೆ ಹೆಸರು. ಕುಕ್ಕೆ ಆದಿ ಸುಬ್ರಹ್ಮಣ್ಯ, ಘಾಟಿ ಮಧ್ಯ ಸುಬ್ರಹ್ಮಣ್ಯ, ನಾಗಲಮಡಿಕೆ ಅಂತ್ಯ ಸುಬ್ರಹ್ಮಣ್ಯ ಎಂದು ಭಕ್ತರು ನಂಬುತ್ತಾರೆ. ಪುಷ್ಯ ಮಾಸದ ಷಷ್ಠಿಗೆ ಇಲ್ಲಿ ರಥೋತ್ಸವ. ಎರಡೂ ರಾಜ್ಯಗಳ ಜನ ಸೇರುತ್ತಾರೆ. ಊರಿನಲ್ಲಿ ಹೇಳುವ ಕಥೆಯಲ್ಲೂ ತೇರೊಂದು ಬರುತ್ತದೆ. ಇಲ್ಲಿನ ಅನ್ನಂಭಟ್ಟರೆಂಬ ಭಕ್ತರು ವರ್ಷವೂ ಕುಕ್ಕೆಯ ತೇರಿಗೆ ಹೋಗುತ್ತಿದ್ದರಂತೆ. ಮುಪ್ಪಿನಲ್ಲಿ ಒಮ್ಮೆ ತಡವಾದಾಗ, ಅವರು ಬಂದು ಮುಟ್ಟುವ ತನಕ ತೇರು ಕದಲಲಿಲ್ಲವಂತೆ. ಇನ್ನು ಅಷ್ಟು ದೂರ ಬರುವುದು ಬೇಡ, ನಿನ್ನೂರಿನಲ್ಲೇ ಸಿಗುತ್ತೇನೆ ಎಂದು ದೇವರು ಕನಸಿನಲ್ಲಿ ಹೇಳಿದ ಮೇಲೆ ಇಲ್ಲಿ ನಾಗಶಿಲೆ ದೊರಕಿತು ಎಂಬುದು ಐತಿಹ್ಯ.

ಯಾವ ಊರಿನ ತೇರೇ ಆಗಲಿ, ಹಗ್ಗ ಹಿಡಿದ ನೂರಾರು ಜನಕ್ಕಿಂತ ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದು ಓಡುವ ನಾಲ್ಕಾರು ಮಂದಿಯನ್ನು ಒಮ್ಮೆ ಗಮನಿಸಬೇಕು. ತೇರಿಗೆ ಸ್ಟಿಯರಿಂಗು ಇಲ್ಲ, ಬ್ರೇಕು ಇಲ್ಲ. ಎಡಗಾಲಿಗೆ ಮರ ಕೊಟ್ಟರೆ ಎಡಕ್ಕೆ ಹೊರಳುತ್ತದೆ. ಎರಡಕ್ಕೂ ಕೊಟ್ಟರೆ ನಿಲ್ಲುತ್ತದೆ. ನೋಡುವುದು, ತೀರ್ಮಾನಿಸುವುದು, ಮಾಡುವುದು ಎಂಬ ಮೂರು ಕೆಲಸವನ್ನೇ ಇಂದಿನ ಕಾರಿನ ಗಣಕಯಂತ್ರವೂ ಮಾಡುತ್ತದೆ. ಒಂದು ವ್ಯತ್ಯಾಸವುಂಟು. ಇಲ್ಲಿ ತೀರ್ಮಾನ ತಪ್ಪಿದರೆ ಗಾಲಿಯ ಕೆಳಗೆ ಹೋಗುವುದು ತೀರ್ಮಾನಿಸಿದವನ ಕೈಯೇ.

ಊರಿನಿಂದ ತಿರುಮಣಿಯ ಕಡೆ ಹೊರಳಿದರೆ ದೃಶ್ಯವೇ ಬೇರೆ. ದೂರದಿಂದ ಕೆರೆ ತುಂಬಿದಂತೆ ಕಾಣುವ ನೀಲಿ, ಹತ್ತಿರ ಹೋದರೆ ಗಾಜು! ನಾಗಲಮಡಿಕೆ ಹೋಬಳಿಯ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ 'ಶಕ್ತಿಸ್ಥಳ' ಸೌರ ವಿದ್ಯುತ್ ಪಾರ್ಕು 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು. ಒಟ್ಟು ಸಾಮರ್ಥ್ಯ 2,050 ಮೆಗಾವಾಟ್. ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ಶುರುವಾಯಿತು. ಮೊಹಾವಿಯಲ್ಲೂ ಹೀಗೆಯೇ ಆಯಿತು. 2004ರ ಪಂದ್ಯದ ಗುರಿಯಾಗಿದ್ದ ಪ್ರಿಮ್ ಊರಿನ ಸಮೀಪದಲ್ಲೇ ಹತ್ತು ವರ್ಷದ ಬಳಿಕ ಇವಾನ್‌ಪಾ ಸೌರ ಸ್ಥಾವರ ತಲೆಯೆತ್ತಿತು. ಬಿಸಿಲು ಎಲ್ಲಿದೆಯೋ ಹೊಸ ಯಂತ್ರಗಳೂ ಅಲ್ಲಿಗೇ ಬರುತ್ತವೆಯೋ ಏನೋ.

ಮಳೆ ಕೈಕೊಟ್ಟ ನೆಲಕ್ಕೆ ವರ್ಷ ವರ್ಷವೂ ಬಾಡಿಗೆ ಬರುವುದು ಸಣ್ಣ ಮಾತಲ್ಲ. ಆದರೆ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ತೆಗೆದು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವರ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಗಾಜು ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು ಕಾಯುವುದು ಇಂಥ ಕೆಲಸ ಕೆಲವರಿಗೆ ಸಿಕ್ಕಿತು. ಜಗತ್ತಿನ ಹಲವು ಸೌರ ಸ್ಥಾವರಗಳಲ್ಲಿ ಗಾಜನ್ನು ಒರೆಸುವ ಯಂತ್ರಗಳೂ ಬಂದಿವೆ. ಅವಕ್ಕೂ ಚಾಲಕ ಬೇಡ. ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು 2017ರಲ್ಲಿ, ಚಾಲಕರ ಉದ್ಯೋಗ ಕಸಿಯುವ ಇಂಥ ಕಾರುಗಳಿಗೆ ದೇಶದಲ್ಲಿ ಅವಕಾಶವಿಲ್ಲ ಎಂದಾಗ ನಗರಗಳಲ್ಲಿ ನಕ್ಕವರಿದ್ದರು. ತಿರುಮಣಿಯ ಕೂಲಿಗಾರರಿಗೆ ಆ ಮಾತು ನಗೆ ತರಲಾರದು.

ಹಾಗಾದರೆ ಯಂತ್ರ ಬೇಡವೇ? ಅಷ್ಟು ಸುಲಭವಾಗಿ ಹೇಳಿಬಿಡುವಂತಿಲ್ಲ. 2022ರ ಮಾರ್ಚ್ 19ರ ಬೆಳಿಗ್ಗೆ ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಖಾಸಗಿ ಬಸ್ಸೊಂದು ಪಳವಳ್ಳಿಯ ಬಳಿ ಉರುಳಿಬಿತ್ತು. ಒಳಗೆ ಕಾಲಿಡಲೂ ಜಾಗವಿಲ್ಲದಷ್ಟು ಜನ ತುಂಬಿದ್ದ ಬಸ್ಸು ಅದು. ವಿದ್ಯಾರ್ಥಿಗಳೂ ಸೇರಿ ಕನಿಷ್ಠ ಐವರು ಸತ್ತರು. ಹತ್ತಾರು ಮಂದಿ ಗಾಯಗೊಂಡರು. ಆ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಯಂತ್ರ ತೂಕಡಿಸುವುದಿಲ್ಲ, ಕುಡಿಯುವುದಿಲ್ಲ, ಮುಂದಿನ ಬಸ್ಸಿನೊಂದಿಗೆ ಪೈಪೋಟಿಗೆ ಬೀಳುವುದಿಲ್ಲ. ಮಿತಿ ಮೀರಿ ಜನ ಹತ್ತಿದರೆ ಹೊರಡುವುದೇ ಇಲ್ಲ ಎಂದು ಹಟ ಹಿಡಿಯುವಂತೆಯೂ ಅದನ್ನು ಮಾಡಬಹುದು. ಈ ದೃಷ್ಟಿಯಿಂದ ನೋಡಿದರೆ ಮಣಿಪಾಲದ, ಬೆಂಗಳೂರಿನ ಹುಡುಗರ ಶ್ರಮ ಆಟದ ಮಾತಲ್ಲ.

ಆದರೆ ಹಟ ಹಿಡಿದು ನಿಂತ ಆ ಬಸ್ಸಿನಿಂದ ಇಳಿದ ಮಕ್ಕಳು ಅವತ್ತು ಕಾಲೇಜಿಗೆ ಹೋಗುವುದು ಹೇಗೆ? ಬಸ್ಸು ತುಂಬಿ ತುಳುಕಿದ್ದು ಇನ್ನೊಂದು ಬಸ್ಸು ಇಲ್ಲದ ಕಾರಣಕ್ಕೆ. ಈ ಲೆಕ್ಕವನ್ನು ಕಾರಿನ ಗಣಕಯಂತ್ರಕ್ಕೆ ಬಿಡಿಸಲಾಗದು. ಅದನ್ನು ಬಿಡಿಸಬೇಕಾದವರು ಬಸ್ಸಿನ ವೇಳಾಪಟ್ಟಿ ಬರೆಯುವವರು.

ಸಂಜೆಯಾಗುತ್ತಿದ್ದಂತೆ ತಿರುಮಣಿಯ ನೀಲಿ ಗಾಜು ಕೆಂಪಾಗಿ, ಆಮೇಲೆ ಕಪ್ಪಾಗುತ್ತದೆ. ನಾಗಲಮಡಿಕೆಯ ಬಸ್ ನಿಲ್ದಾಣದಲ್ಲಿ ಪಾವಗಡಕ್ಕೆ ಹೊರಡುವವರು ರಸ್ತೆಯ ತಿರುವನ್ನೇ ನೋಡುತ್ತ ಕೂತಿರುತ್ತಾರೆ. ಒಂದು ದಿನ ಆ ತಿರುವಿನಲ್ಲಿ ಚಾಲಕನಿಲ್ಲದ ಬಸ್ಸೇ ಬಂದು ನಿಂತರೂ ಇವರು ಬೆರಗಾಗಿ ಬಹಳ ಹೊತ್ತು ನಿಲ್ಲಲಾರರು. ಸೀಟು ಇದೆಯೇ, ಬೆಳಿಗ್ಗೆ ಮಕ್ಕಳ ಹೊತ್ತಿಗೆ ಬರುತ್ತದೆಯೇ ಎಂದು ಕೇಳುತ್ತಾರೆ. ಕನ್ನಡದಲ್ಲಿ ಒಬ್ಬರು, ತೆಲುಗಿನಲ್ಲಿ ಇನ್ನೊಬ್ಬರು.