ದೇವಣಿಯ ಎತ್ತು, ಗರಡಿಯ ಮೊದಲ ದಿನ

ಉದಗೀರದಿಂದ ದೇವಣಿಗೆ ಬರುವ ದಾರಿಯ ಎರಡೂ ಬದಿಗೆ ಎರೆಭೂಮಿ ಹರಡಿಕೊಂಡಿದೆ. ಮಳೆಗಾಲದಲ್ಲಿ ಸೋಯಾಬೀನ್ ಮತ್ತು ತೊಗರಿ, ಹಿಂಗಾರಿನಲ್ಲಿ ಕಡಲೆ ಮತ್ತು ಬಿಳಿಜೋಳ ಈ ಮಣ್ಣಿನ ಬೆಳೆಗಳು. ಲಾತೂರ ಜಿಲ್ಲೆಯ ದೇವಣಿಯು 1999ರಲ್ಲಿ ತಾಲೂಕಿನ ಸ್ಥಾನ ಪಡೆಯಿತು. ಆದರೆ ಅದಕ್ಕಿಂತ ಬಹಳ ಮೊದಲೇ ಈ ಊರಿನ ಹೆಸರು ಒಂದು ದನದ ತಳಿಯ ಮೂಲಕ ದೂರದೂರಕ್ಕೆ ತಲುಪಿತ್ತು. ಮೈಯೆಲ್ಲ ಬಿಳಿಯಾದದ್ದು ಬಾಲಂಕ್ಯಾ, ಬಿಳಿ ಮೈಗೆ ಕಪ್ಪು ಮುಖವಿದ್ದರೆ ವಾನೇರಾ, ಬಿಳಿ ಮೈಯ ಮೇಲೆ ಕಪ್ಪು ಮಚ್ಚೆಗಳಿದ್ದರೆ ಶೇವೇರಾ. ಹಾಲಿಗೂ ದುಡಿಮೆಗೂ ಒದಗುವ ಈ ದೇವಣಿ ದನಗಳನ್ನು ನೆರೆಯ ಬೀದರ ಜಿಲ್ಲೆಯ ರೈತರೂ ಅಷ್ಟೇ ಅಕ್ಕರೆಯಿಂದ ಸಾಕುತ್ತಾರೆ.

ಹೋರಿಯನ್ನು ನೊಗಕ್ಕೆ ಹೊಂದಿಸುವ ರೀತಿಯನ್ನು ನೋಡಿದರೆ ಈ ಭಾಗದ ರೈತನ ತಾಳ್ಮೆ ತಿಳಿಯುತ್ತದೆ. ಮೊದಲು ಮೂಗುದಾರ, ಆಮೇಲೆ ಬರಿಯ ನೊಗ, ನಂತರ ಹಗುರಾದ ಗಾಡಿ. ಪಕ್ಕದಲ್ಲಿ ಪಳಗಿದ ಹಿರಿಯ ಎತ್ತು ಇದ್ದೇ ಇರುತ್ತದೆ. ಹೋರಿಗೆ ಎಷ್ಟೇ ಕಸುವಿದ್ದರೂ ಮೊದಲ ದಿನವೇ ಅದರ ಹೆಗಲಿಗೆ ತುಂಬಿದ ಗಾಡಿಯನ್ನು ಕಟ್ಟುವುದಿಲ್ಲ. ಹಾಗೆ ಕಟ್ಟಿದರೆ ಹೆಗಲು ಹುಣ್ಣಾಗುತ್ತದೆ. ನೊಗ ಕಂಡರೆ ಹೋರಿ ಬೆದರುತ್ತದೆ.

ಮನುಷ್ಯರ ಮೈ ಪಳಗಿಸುವ ವಿದ್ಯೆಗೂ ಈ ಸೀಮೆಯಲ್ಲಿ ಹಳೆಯ ಪರಂಪರೆಯಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರ ಮತ್ತು ನಿಲಂಗಾ ತಾಲೂಕುಗಳು ಹೈದರಾಬಾದ ಸಂಸ್ಥಾನದ ಕಾಲದಿಂದ ಬಂದ ಬೀದರ ಜಿಲ್ಲೆಯಲ್ಲಿಯೇ ಇದ್ದವು. ಅದೇ ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣವು ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾಗಿತ್ತು. ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಮಲ್ಲರನ್ನು ವಯಸ್ಸು, ದೇಹ ಮತ್ತು ಬಲಗಳಿಗೆ ತಕ್ಕಂತೆ ವಿಂಗಡಿಸಿ ಸಾಧನೆ ಮಾಡಿಸಬೇಕೆಂಬ ವಿಚಾರ ಅಲ್ಲಿ ಬರುತ್ತದೆ. ಭಾರ ಎತ್ತುವುದು, ನಡೆಯುವುದು, ನೀರಿನಲ್ಲಿ ಈಜುವುದು, ಕಂಬದ ಮೇಲೆ ಸಾಧನೆ ಮಾಡುವುದು ಬೇರೆಬೇರೆ ಶ್ರಮಗಳೆಂದು ಹೇಳಲಾಗಿದೆ. ಇಪ್ಪತ್ತು ವರ್ಷದೊಳಗಿನ ಮಲ್ಲನಿಗೆ ಅಲ್ಲಿರುವ ಹೆಸರು ‘ಭವಿಷ್ಣು’, ಎಂದರೆ ಇನ್ನೂ ಆಗಬೇಕಾದವನು.

ಕನ್ನಡದವರು ಗರಡಿಮನೆ ಎನ್ನುವುದನ್ನು ಮರಾಠಿಯಲ್ಲಿ ತಾಲೀಮು ಎನ್ನುತ್ತಾರೆ. ಇಲ್ಲಿಯ ಗುರುವಿಗೆ ವಸ್ತಾದ ಎಂದು ಹೆಸರು. ಕೆಂಪು ಮಣ್ಣಿಗೆ ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ಮಟ್ಟಿ ಸಿದ್ಧಪಡಿಸುತ್ತಾರೆ. ಹೊಸದಾಗಿ ಬಂದ ಹುಡುಗ ಮೊದಲು ಕಲಿಯುವುದು ಆ ಮಟ್ಟಿಯನ್ನು ಅಗೆದು ಮೆದುಗೊಳಿಸುವ ಕೆಲಸ. ನೋಡುವವರಿಗೆ ಅದು ಚಾಕರಿಯಂತೆ ತೋರಬಹುದು. ನಿಜವಾಗಿ ಅದು ಬೆನ್ನಿಗೂ ತೋಳಿಗೂ ಸಿಗುವ ಮೊದಲ ವ್ಯಾಯಾಮ. ದಂಡ ಮತ್ತು ಬಸ್ಕಿಗಳು ಆಮೇಲೆ, ಎಣಿಕೆಯಂತೆ ಏರುತ್ತ ಹೋಗುತ್ತವೆ. ಜೋಡಿ ಹಿಡಿದು ಸೆಣಸುವುದು ಇನ್ನೂ ತಡವಾಗಿ.

ದೇವಣಿಯ ನೆರೆಯ ನಿಲಂಗಾ ತಾಲೂಕಿನ ರಾಮಲಿಂಗ ಮುದಗಡ ಎಂಬ ಹಳ್ಳಿಯ ಹರಿಶ್ಚಂದ್ರ ಬಿರಾಜದಾರ ಈ ಪರಂಪರೆಯಲ್ಲಿ ಬೆಳೆದವರು. ಕೊಲ್ಹಾಪುರದ ಗಂಗಾವೇಶ ತಾಲೀಮಿನಲ್ಲಿ ಸಾಧನೆ ಮಾಡಿ 1969ರಲ್ಲಿ ಮಹಾರಾಷ್ಟ್ರ ಕೇಸರಿಯಾದರು. ಮರುವರ್ಷ ಎಡಿನ್‌ಬರೋದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಅಷ್ಟಕ್ಕೇ ನಿಲ್ಲದೆ ಪುಣೆಯ ಗೋಕುಲ ವಸ್ತಾದ ತಾಲೀಮಿನಲ್ಲಿ ಗುರುವಾಗಿ ಕುಳಿತು ಹಳ್ಳಿಯ ಹುಡುಗರನ್ನು ತಿದ್ದಿದರು. 2011ರಲ್ಲಿ ಅವರು ತೀರಿಕೊಂಡರು. ಅವರ ಕೈಯಲ್ಲಿ ಪಳಗಿದ ಬೀಡ ಜಿಲ್ಲೆಯ ರಾಹುಲ ಆವಾರೆ 2018ರಲ್ಲಿ ಗೋಲ್ಡ್ ಕೋಸ್ಟ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಾಗ ಆ ಪದಕವನ್ನು ಅಗಲಿದ ಗುರುವಿಗೆ ಅರ್ಪಿಸಿದರು.

ಇಂದು ಮರಾಠವಾಡದ ಊರುಗಳಲ್ಲಿ ನಸುಕಿನಲ್ಲಿ ಕಾಣುವುದು ಮಟ್ಟಿಗಿಂತ ಹೆಚ್ಚಾಗಿ ಡಾಂಬರು ರಸ್ತೆಯ ಓಟ. ಪೊಲೀಸ್ ಭರ್ತಿಯ ಮೈದಾನ ಪರೀಕ್ಷೆಯಲ್ಲಿ ಹುಡುಗರು 1600 ಮೀಟರ್, ಹುಡುಗಿಯರು 800 ಮೀಟರ್ ಓಡಬೇಕು. ಇಬ್ಬರಿಗೂ 100 ಮೀಟರ್ ಓಟ ಮತ್ತು ಗುಂಡು ಎಸೆತ ಇವೆ. ಮಳೆಯನ್ನೇ ನಂಬಿದ ಹೊಲದ ಮನೆಗಳಿಗೆ ಸಂಬಳದ ನೌಕರಿ ದೊಡ್ಡ ಆಸರೆ. ಆದುದರಿಂದ ಜಾಹೀರಾತು ಹೊರಬಿದ್ದ ದಿನವೇ ಓಟ ಆರಂಭವಾಗುತ್ತದೆ. ಕೆಲವೇ ತಿಂಗಳಲ್ಲಿ ಮೈ ಸಿದ್ಧವಾಗಬೇಕೆಂಬ ಆತುರ ಹುಟ್ಟುತ್ತದೆ. ಪೇಟೆಗಳಲ್ಲಿ ಜಿಮ್ಮುಗಳೂ ತೆರೆದಿವೆ. ಅಲ್ಲಿಯೂ ಹೊಸಬನಿಗೆ ಕನ್ನಡಿಯ ಮುಂದಿನ ಹಳಬನ ಭಾರವನ್ನೇ ಎತ್ತುವ ಹಂಬಲ.

ತರಬೇತುದಾರನ ವಿವೇಕ ಬೇಕಾಗುವುದು ಇಂತಹ ಕಡೆಯಲ್ಲಿಯೇ. ಉಸಿರು ಮತ್ತು ಮಾಂಸಖಂಡಗಳು ಕೆಲವು ವಾರಗಳಲ್ಲಿ ಸುಧಾರಿಸುತ್ತವೆ. ಎಲುಬು ಹಾಗೂ ಅದಕ್ಕೆ ಮಾಂಸವನ್ನು ಬಿಗಿಯುವ ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಹುಡುಗನಿಗೆ ತಾನು ಬಲಿತೆನೆಂದು ಅನ್ನಿಸುವ ಹೊತ್ತಿಗೆ ಅವನ ಕಣಕಾಲ ಎಲುಬು ಇನ್ನೂ ಎಳೆಯದಾಗಿಯೇ ಇರುತ್ತದೆ. ಅಲ್ಲಿ ನೋವು ಬಂದರೂ ಹಲ್ಲು ಕಚ್ಚಿ ಓಡಿದರೆ ಎಲುಬಿನಲ್ಲಿ ಕೂದಲೆಳೆಯ ಬಿರುಕು ಬೀಳಬಹುದು. ರೂಢಿಯಿಲ್ಲದವನಿಂದ ಮೊದಲ ದಿನವೇ ನೂರಾರು ಬಸ್ಕಿ ತೆಗೆಸಿದರೆ ಮಾಂಸದ ಎಳೆಗಳು ಒಡೆದು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟಾಗುವುದೂ ಉಂಟು. ತೀವ್ರ ನೋವಿನೊಂದಿಗೆ ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಇದನ್ನು ಶಾಲೆಯಲ್ಲಿ ಬಸ್ಕಿಯನ್ನು ಶಿಕ್ಷೆಯಾಗಿ ಕೊಡುವವರೂ ನೆನಪಿಡತಕ್ಕದ್ದು.

ಆದುದರಿಂದ ಮಗನನ್ನೋ ಮಗಳನ್ನೋ ತರಬೇತಿಗೆ ಕಳುಹಿಸುವ ತಂದೆತಾಯಿಗಳು ಫೀ ಎಷ್ಟೆಂದು ಕೇಳುವ ಮೊದಲು ಬೇರೆ ಕೆಲವು ಪ್ರಶ್ನೆ ಕೇಳಬೇಕು. ಮೊದಲ ವಾರ ಏನು ಮಾಡಿಸುವಿರಿ? ವಾರದಲ್ಲಿ ಎಷ್ಟು ದಿನ ವಿಶ್ರಾಂತಿ? ನೋವು ಎಂದರೆ ಏನು ಮಾಡುವಿರಿ? ಹುಡುಗನ ಹಳೆಯ ಪೆಟ್ಟು, ಉಬ್ಬಸ, ನಿದ್ದೆ, ಊಟಗಳನ್ನು ಯಾರು ವಿಚಾರಿಸುತ್ತಾರೆ? ಒಳ್ಳೆಯ ತರಬೇತುದಾರನಿಗೆ ಈ ಪ್ರಶ್ನೆಗಳಿಂದ ಸಿಟ್ಟು ಬರುವುದಿಲ್ಲ. ಅವನು ಮೊದಲು ನಡೆಸುತ್ತಾನೆ, ಆಮೇಲೆ ನಡೆ ಮತ್ತು ಓಟವನ್ನು ಬೆರೆಸುತ್ತಾನೆ; ಸಾಧ್ಯವಾದರೆ ಡಾಂಬರಿನ ಬದಲು ಮಣ್ಣಿನ ದಾರಿ ಆರಿಸುತ್ತಾನೆ. ಪುಡಿ, ಸೂಜಿಗಳ ಮಾತೆತ್ತದೆ ರೊಟ್ಟಿ, ಬೇಳೆ, ಮೊಳಕೆಕಾಳು, ಹಾಲು, ಮೊಟ್ಟೆಗಳ ಮಾತಾಡುತ್ತಾನೆ. ಇನ್ನೂ ಹತ್ತು ಮಾಡಬಲ್ಲೆನೆಂದು ಹುಡುಗ ಹೇಳಿದಾಗ ಇಂದಿಗೆ ಸಾಕು ಎನ್ನುತ್ತಾನೆ. ಭರ್ತಿಯ ಆಸೆಯಿದ್ದರೆ ಜಾಹೀರಾತಿಗೆ ಕಾಯದೆ ವರ್ಷ ಮೊದಲೇ ಆರಂಭಿಸುವುದು ಲೇಸು.

ಸಂಜೆ ದೇವಣಿಯ ಹೊಲಗಳಿಂದ ಗಾಡಿಗಳು ಹಿಂದಿರುಗುತ್ತವೆ. ಟ್ರ್ಯಾಕ್ಟರುಗಳ ನಡುವೆ ಎತ್ತಿನ ಜೋಡಿಗಳು ವಿರಳವಾಗಿವೆ, ಆದರೆ ಇಲ್ಲವಾಗಿಲ್ಲ. ಹೊಸ ಹೋರಿ ಅವಸರದಿಂದ ಮುಂದಕ್ಕೆ ಜಗ್ಗಿದರೆ ಪಕ್ಕದ ಹಿರಿಯ ಎತ್ತು ತನ್ನ ಹೆಜ್ಜೆ ಬದಲಿಸುವುದಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹೋರಿಯೇ ಅದರ ನಡೆಗೆ ಹೊಂದಿಕೊಳ್ಳುತ್ತದೆ.