ಮೂರು ರನ್ ಕಡಿಮೆ

ಎಳ್ಳಮಾವಾಸ್ಯೆ ಬಂತೆಂದರೆ ತೀರ್ಥಹಳ್ಳಿಗೆ ಎಲ್ಲೆಲ್ಲೋ ಚದುರಿಹೋದ ಮಕ್ಕಳೆಲ್ಲ ಮರಳಿ ಬರುತ್ತಾರೆ. ರಾಮತೀರ್ಥದಲ್ಲಿ ಮುಳುಗು ಹಾಕಿ, ರಾಮೇಶ್ವರನಿಗೆ ಕೈಮುಗಿದು, ಬೆಂಡು ಬತ್ತಾಸಿನ ಅಂಗಡಿಗಳ ನಡುವೆ ಒಂದು ಸುತ್ತು ಹಾಕಿದ ಮೇಲೆ ತೆಪ್ಪೋತ್ಸವದವರೆಗೆ ಮಾಡಲು ಬೇರೆ ಕೆಲಸವಿಲ್ಲ. ಆ ಹೊತ್ತಿನಲ್ಲಿ ತುಂಗೆಯ ದಡದ ಬಂಡೆಯೊಂದರ ಮೇಲೆ ನಾಲ್ಕೈದು ಜನ ಕೂರುತ್ತಾರೆ. ಎಲ್ಲರಿಗೂ ಅರವತ್ತೈದು ದಾಟಿದೆ. ಒಬ್ಬರು ಬೆಂಗಳೂರಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು, ಇಬ್ಬರು ಅಡಿಕೆ ತೋಟದವರು, ಇನ್ನೊಬ್ಬರು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ ಮೇಷ್ಟ್ರು. ಸಕ್ಕರೆ ಕಾಯಿಲೆ, ಕೊಳೆರೋಗ, ಅಡಿಕೆ ಧಾರಣೆ ಎಲ್ಲ ಮುಗಿದ ಮೇಲೆ ಮಾತು ತಾನಾಗಿಯೇ ಅಲ್ಲಿಗೆ ಬರುತ್ತದೆ.

"ವಿಶ್ವನಾಥನ ಆ ಕಟ್ ಇತ್ತಲ್ಲ ಮಾರಾಯ..."

ಆ ಕಟ್ ಅನ್ನು ಅವರಲ್ಲಿ ಒಬ್ಬರೂ ಮೈದಾನದಲ್ಲಿ ಕೂತು ನೋಡಿದವರಲ್ಲ. ಮಲೆನಾಡಿನ ಮನೆಗಳಿಗೆ ಟಿ.ವಿ. ಬರುವ ಹೊತ್ತಿಗೆ, 1983ರ ಆಚೀಚೆ, ವಿಶ್ವನಾಥ್ ಅವರ ಟೆಸ್ಟ್ ಆಟ ಮುಗಿದೇ ಹೋಗಿತ್ತು. ಇವರು ಅದನ್ನು ಕಂಡದ್ದು ಕಿವಿಯಿಂದ. ಕನ್ನಡ ಮಾಧ್ಯಮದ ಹುಡುಗರು ರೇಡಿಯೊದ ಇಂಗ್ಲಿಷ್ ಕಾಮೆಂಟರಿಗೆ ಕಿವಿಯಾನಿಸಿ, ಅರ್ಧ ಅರ್ಥವಾಗಿ, ಇನ್ನರ್ಧ ಊಹಿಸಿ ಕಂಡ ಆಟ ಅದು. ಪ್ರೇಕ್ಷಕರ ಕೂಗು ಏರಿದರೆ ಬೌಂಡರಿ. ಏರಿ ಥಟ್ಟನೆ ನಿಂತರೆ ಯಾರೋ ಔಟ್. ಮರುದಿನ ಮಧ್ಯಾಹ್ನದ ಬಸ್ಸಿಗೆ ಪತ್ರಿಕೆ ಬಂದ ಮೇಲೆ ಚಿತ್ರವನ್ನು ಕತ್ತರಿಸಿ, ಅನ್ನದ ಅಗುಳಿನಿಂದ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದರು.

ಕ್ರಿಕೆಟ್ ಕಾಲವೂ ಕೊನೆಕೊಯ್ಲಿನ ಕಾಲವೂ ಒಂದೇ. ಅಂಗಳದಲ್ಲಿ ಅಡಿಕೆಯ ರಾಶಿ, ಸಾಲಾಗಿ ಮೆಟ್ಟುಗತ್ತಿಗಳು, ಆಚೆ ಒಲೆಯ ಮೇಲೆ ಚೊಗರಿನ ಹಂಡೆ. ಸುಲಿಯುವವರ ನಡುವೆ ಟ್ರಾನ್ಸಿಸ್ಟರ್ ಇಟ್ಟುಕೊಳ್ಳಲು ಅಪ್ಪಣೆ ಇದ್ದ ಮನೆಯ ಹುಡುಗನೇ ಊರಿಗೆ ದೊಡ್ಡವನು. ಅವನ ಮನೆಯಲ್ಲಿ ಆ ವಾರ ಅಡಿಕೆ ಸುಲಿಯಲು ಕರೆಯದೆಯೇ ಜನ ಸೇರುತ್ತಿದ್ದರು.

ವಿಶ್ವನಾಥ್ ಹುಟ್ಟಿದ್ದು 1949ರಲ್ಲಿ ಭದ್ರಾವತಿಯಲ್ಲಿ. ಬೆಳೆದದ್ದು, ಆಟ ಕಲಿತದ್ದು ಬೆಂಗಳೂರಿನಲ್ಲಿ. ಇದರಲ್ಲಿ ಎರಡನೆಯ ಭಾಗವನ್ನು ಶಿವಮೊಗ್ಗ ಜಿಲ್ಲೆಯ ಹುಡುಗರು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಅವರ ಪಾಲಿಗೆ ಆತ 'ನಮ್ಮ ಭದ್ರಾವತಿಯವ'. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾದ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ಮೊದಲ ಇನ್ನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಕಿರುಪರೀಕ್ಷೆಯಲ್ಲಿ ಸೊನ್ನೆ ತಂದ ಹುಡುಗರಿಗೆಲ್ಲ ಆ ಸ್ಕೋರು ಬಾಯಿಪಾಠವಾಗಿತ್ತು.

ಆಟವೊಂದನ್ನೇ ನಂಬಿ ಬದುಕಲಾಗದ ಕಾಲವದು. ಆಡುವವರಲ್ಲಿ ಬಹಳ ಮಂದಿ ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ನೌಕರಿಯಲ್ಲಿದ್ದರು. ಬಾಲ್ಯದಲ್ಲೇ ಪೋಲಿಯೊದಿಂದ ಸೊರಗಿದ ಬಲಗೈಯಿಂದಲೇ ಚಂದ್ರಶೇಖರ್ 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದರು. ಪ್ರಸನ್ನ 1962ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದು ಎಂಜಿನಿಯರಿಂಗ್ ಓದು ಪೂರೈಸಲು ಕೂತರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಊರಿನ ತಂದೆಯರಿಗೆ ಕ್ರಿಕೆಟ್ಟಿನಲ್ಲಿ ಗೊತ್ತಿದ್ದ ಸಂಗತಿ ಇದೊಂದೇ. "ಆ ಪ್ರಸನ್ನನೇ ಓದು ಮುಗಿಸಿ ಆಮೇಲೆ ಆಡಿದ್ದು, ನಿನ್ನದೆಂಥದು?" ಎಂಬ ಮಾತು ಮನೆಮನೆಯಲ್ಲೂ ಕೇಳುತ್ತಿತ್ತು. ಅದೇ ಪ್ರಸನ್ನ ನಾಯಕರಾಗಿ, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮೊದಲ ಋತುವಿನಲ್ಲೇ, 1974ರಲ್ಲಿ, ಸತತ 15 ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಬೊಂಬಾಯಿಯನ್ನು ಸೆಮಿಫೈನಲ್ಲಿನಲ್ಲಿ ಮಣಿಸಿ ಟ್ರೋಫಿ ತಂದಾಗ ಮಾತ್ರ ತಂದೆಯರೂ ಸುಮ್ಮನಾಗಿದ್ದರು.

ಆ ಬಂಡೆಯ ಮೇಲೆ ಮೇಷ್ಟ್ರು ಹೆಚ್ಚು ಮಾತಾಡುವವರಲ್ಲ. ಆದರೆ ಪ್ರತಿ ವರ್ಷ ಯಾರಾದರೊಬ್ಬರು ಅವರನ್ನು ಕೆಣಕುತ್ತಾರೆ. "ಏ, ನಿನ್ನ ಅಪ್ಪಯ್ಯನ ಕತೆ ಹೇಳಾ."

1975ರ ಜನವರಿ. ಮೇಷ್ಟ್ರು ಆಗ ಹೈಸ್ಕೂಲಿನ ಕೊನೆಯ ವರ್ಷದ ಹುಡುಗ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಅಂಕ ಹೇಳಿಕೊಳ್ಳುವ ಹಾಗಿರಲಿಲ್ಲ. ಅಪ್ಪಯ್ಯ ನೋಟ್‌ಬುಕ್ ತೆರೆದು ನೋಡಿದರೆ ಮುಂದಿನ ಪುಟಗಳಲ್ಲಿ ಬೀಜಗಣಿತ ನಾಲ್ಕು ಹಾಳೆ, ಹಿಂದಿನ ಪುಟಗಳಲ್ಲಿ ಕಲ್ಕತ್ತ ಟೆಸ್ಟ್‌ನ ಸ್ಕೋರು ಹತ್ತು ಹಾಳೆ. ಅವರು ಬೈಯಲಿಲ್ಲ, ಹೊಡೆಯಲಿಲ್ಲ. ಟ್ರಾನ್ಸಿಸ್ಟರಿನ ಹಿಂಬದಿ ಬಿಚ್ಚಿ ಸೆಲ್ಲುಗಳನ್ನು ತೆಗೆದು ತಮ್ಮ ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. "ಪರೀಕ್ಷೆ ಮುಗಿಯಲಿ" ಎಂದರು, ಅಷ್ಟೆ.

ಮುಂದಿನ ಟೆಸ್ಟ್ ಮದರಾಸಿನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ, ಸರಿಯಾಗಿ ಎಳ್ಳಮಾವಾಸ್ಯೆಯ ಹೊತ್ತಿಗೇ ಬಂತು. ಅಪ್ಪಯ್ಯ ಜಾತ್ರೆಯ ಖರೀದಿಗೆಂದು ತೀರ್ಥಹಳ್ಳಿಗೆ ಹೋದರು. ಓದಬೇಕಾದ ಹುಡುಗ ಮನೆಯಲ್ಲೇ ಉಳಿದ. ಸೆಲ್ಲಿಲ್ಲದ ಟ್ರಾನ್ಸಿಸ್ಟರಿನ ಗುಂಡಿಯನ್ನು ಸುಮ್ಮನೆ ತಿರುಗಿಸುತ್ತ, ಇಡೀ ಹಗಲು ಒಂದು ಲೆಕ್ಕವನ್ನೂ ಬಿಡಿಸಲಿಲ್ಲ.

ಅಪ್ಪಯ್ಯ ಬಂದಾಗ ಕತ್ತಲಾಗಿತ್ತು. ಕಾಲು ತೊಳೆದು, ಚೀಲವನ್ನು ಅಮ್ಮನ ಕೈಗೆ ಕೊಟ್ಟು, ಜಗುಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ, ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದ ಹಾಗೆ ಹೇಳಿದರು:

"ನಿನ್ನ ಭದ್ರಾವತಿಯವ 97 ಹೊಡೆದನಂತೆ. ಔಟಾಗಲಿಲ್ಲವಂತೆ. ಇನ್ನು ಮೂರು ಹೊಡೆಯೋದಕ್ಕೆ ಜೊತೆಗೆ ಜನವೇ ಉಳಿಯಲಿಲ್ಲವಂತೆ."

ಕ್ರಿಕೆಟ್ಟೆಂದರೆ ಏನೆಂದು ತಿಳಿಯದ ಅಪ್ಪಯ್ಯ ಜಾತ್ರೆಯ ಗದ್ದಲದಲ್ಲಿ, ಅಂಗಡಿಯೊಂದರ ರೇಡಿಯೊ ಮುಂದೆ, ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು. ಪಕ್ಕದವರನ್ನು ಕೇಳಿ ಕೇಳಿ ತಿಳಿದುಕೊಂಡಿದ್ದರು. ಈ ಸಂಗತಿ ಮಗನಿಗೆ ಗೊತ್ತಾದದ್ದು ಎಷ್ಟೋ ದಿನಗಳ ನಂತರ, ಆ ಅಂಗಡಿಯವರಿಂದ. ಸೆಲ್ಲುಗಳು ಮಾತ್ರ ಪರೀಕ್ಷೆ ಮುಗಿಯುವವರೆಗೂ ಪೆಟ್ಟಿಗೆಯಿಂದ ಹೊರಬರಲಿಲ್ಲ. ಹುಡುಗ ಗಣಿತದಲ್ಲಿ ಪಾಸಾದ. ಮುಂದೆ ಅದನ್ನೇ ಕಲಿಸಿ ಸಂಸಾರ ನಡೆಸಿದ.

ಆ ದಿನ ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತಿದ್ದರು. ಭಾರತದ ಒಟ್ಟು ಮೊತ್ತ 190. ಅದರಲ್ಲಿ ಅರ್ಧಕ್ಕೂ ಹೆಚ್ಚು ವಿಶ್ವನಾಥ್ ಒಬ್ಬರದೇ. ಕೊನೆಗೆ ಔಟಾದವರು ಚಂದ್ರಶೇಖರ್! ಅವರ ಮೇಲೂ ಹುಡುಗರಿಗೆ ಅಷ್ಟೇ ಪ್ರೀತಿ. ಸಿಟ್ಟು ಮಾಡುವುದು ಯಾರ ಮೇಲೆ? 91 ಟೆಸ್ಟ್‌ಗಳಲ್ಲಿ 14 ಶತಕ ಬಾರಿಸಿದ ಆಟಗಾರ ಅವರು. ಇಂಗ್ಲೆಂಡ್ ವಿರುದ್ಧ 1982ರಲ್ಲಿ 222 ಹೊಡೆದದ್ದೂ ಅದೇ ಮದರಾಸಿನಲ್ಲಿ. ಆದರೂ ಬಂಡೆಯ ಮೇಲಿನ ಮಾತಿನಲ್ಲಿ ಮೊದಲು ಬರುವುದು ಆ 97. ವಿಸ್ಡನ್ 2001ರಲ್ಲಿ ಆರಿಸಿದ ನೂರು ಶ್ರೇಷ್ಠ ಟೆಸ್ಟ್ ಇನ್ನಿಂಗ್ಸ್‌ಗಳ ಪಟ್ಟಿಯಲ್ಲೂ ಅದಕ್ಕೆ ಜಾಗ ಸಿಕ್ಕಿತು.

ಅದರ ನಂತರ ಬರುವುದು ಸೋತ ಪಂದ್ಯವೊಂದರ ಮಾತು. 1980ರ ಫೆಬ್ರುವರಿಯಲ್ಲಿ ಬೊಂಬಾಯಿಯ ಸುವರ್ಣ ಮಹೋತ್ಸವ ಟೆಸ್ಟ್‌ಗೆ ವಿಶ್ವನಾಥ್ ನಾಯಕ. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡು ಒದ್ದಾಡುತ್ತಿತ್ತು. ಬಾಬ್ ಟೇಲರ್ ಔಟೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನವರಿಕೆಯಾದ ವಿಶ್ವನಾಥ್, ಹೊರಟವರನ್ನು ವಾಪಸು ಕರೆಸಿದರು. ಟೇಲರ್ ಮತ್ತು ಬೋಥಮ್ ಸೇರಿ 171 ರನ್ ಕೂಡಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಅಂದು ನಾಯಕನನ್ನು ದಡ್ಡನೆಂದು ಬೈದ ಬ್ಯಾಂಕಿನವರೇ ಇಂದು ಆ ಕತೆಯನ್ನು ಮೊಮ್ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತಾರೆ.

ಮೇಷ್ಟ್ರ ಮೊಮ್ಮಗ ಈಚೆಗೆ ಎಸ್.ಎಸ್.ಎಲ್.ಸಿ. ಮುಗಿಸಿದ. ಫಲಿತಾಂಶದ ದಿನ ಮೊಬೈಲಿನಲ್ಲಿ ಅಂಕ ನೋಡಿದ ಸೊಸೆ ಕೇಳಿದ ಮೊದಲ ಪ್ರಶ್ನೆ: "ಗಣಿತದಲ್ಲಿ ಮೂರು ಎಲ್ಲಿ ಹೋಯ್ತು?" ಹುಡುಗನ ಮುಖ ಸಣ್ಣದಾಯಿತು. ನೂರಕ್ಕೆ 97. ಮನೆಯಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಒಳಗಿದ್ದ ಮೇಷ್ಟ್ರು ಮಾತ್ರ ಒಬ್ಬರೇ ನಗತೊಡಗಿದರು.

ಸಂಜೆ ಜಗುಲಿಯಲ್ಲಿ ಮೊಮ್ಮಗನನ್ನು ಕೂರಿಸಿಕೊಂಡು ಮದರಾಸಿನ ಕತೆ ಹೇಳಿದರು. ಪೆಟ್ಟಿಗೆಯ ಬೀಗ, ಜಾತ್ರೆಯ ಅಂಗಡಿ, ಚೀಲ ಹಿಡಿದು ನಿಂತ ಮುತ್ತಜ್ಜ, ಎಲ್ಲವನ್ನೂ. ಸೊಸೆಯೂ ಬಾಗಿಲ ಬಳಿ ನಿಂತು ಕೇಳಿಸಿಕೊಂಡಳು.

"ಅಜ್ಜಯ್ಯ, ಕೊನೆಗೆ ಮ್ಯಾಚ್ ಏನಾಯ್ತು?"

"ಗೆದ್ದೆವು ಮಗಾ. ನೂರು ರನ್ನಿಂದ."