ಗಾಡಿ ನಿಂತಾಗ

ಕೋಳಿ ಬೆವರುವುದಿಲ್ಲ. ಅದರ ಚರ್ಮದಲ್ಲಿ ಬೆವರಿನ ಗ್ರಂಥಿಗಳೇ ಇಲ್ಲ. ಮೈಯ ಸಹಜ ಉಷ್ಣತೆ ಸುಮಾರು 41 ಡಿಗ್ರಿ, ಅದರ ಮೇಲೆ ಗರಿಯ ಹೊದಿಕೆ ಬೇರೆ. ಕಾವು ಏರಿದಾಗ ರೆಕ್ಕೆಗಳನ್ನು ಮೈಯಿಂದ ಬಿಡಿಸಿ ಹಿಡಿದು ಗಾಳಿಯಾಡಲು ಬಿಡುತ್ತದೆ. ಅದು ಸಾಲದಾದಾಗ ಕೊಕ್ಕು ತೆರೆದು ಏದುಸಿರು ಬಿಡುತ್ತದೆ. ಗಂಟಲಿನ ತೇವ ಆವಿಯಾಗುವಾಗ ಮೈಯ ಕಾವನ್ನೂ ಒಂದಿಷ್ಟು ಒಯ್ಯುತ್ತದೆ. ಬೇಸಿಗೆಯಲ್ಲಿ ಕೋಳಿ ಅಂಗಡಿಯ ಮುಂದೆ ಹಾದುಹೋಗುವವರೆಲ್ಲ ಈ ತೆರೆದ ಕೊಕ್ಕುಗಳನ್ನು ನೋಡಿರುತ್ತಾರೆ. ಬಾಯಾರಿಕೆ ಇರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ.

ಕನ್ನಡದಲ್ಲಿ ಬಿಸಿಲು ಬೇರೆ, ಸೆಕೆ ಬೇರೆ. ಕಲಬುರಗಿಯವರು ಬಿಸಿಲು ಕಂಡವರು, ಕರಾವಳಿಯವರು ಸೆಕೆ ಉಂಡವರು. ಕೋಳಿಯ ಮಟ್ಟಿಗೆ ಈ ವ್ಯತ್ಯಾಸ ಜೀವದ ಪ್ರಶ್ನೆ. ದೆಹಲಿಯಲ್ಲಿ, ಹೈದರಾಬಾದಿನಲ್ಲಿ ಬೇಸಿಗೆಯ ಗಾಳಿ ಒಣಗಾಳಿ. ಬಿಸಿಲು ಭಯಂಕರವಾದರೂ ಗಂಟಲಿನ ತೇವ ಬೇಗ ಆರುತ್ತದೆ, ಏದುಸಿರು ಕೆಲಸ ಮಾಡುತ್ತದೆ. ಮುಂಬಯಿ, ಚೆನ್ನೈಗಳಲ್ಲಿ ಗಾಳಿಯೇ ನೀರು ಕುಡಿದು ಕೂತಿರುತ್ತದೆ. ಅಲ್ಲಿ 33 ಡಿಗ್ರಿ ಎಂದರೆ ಪೇಪರಿನಲ್ಲಿ ಸುದ್ದಿಯೂ ಆಗುವುದಿಲ್ಲ, ಆದರೆ ಕೋಳಿ ಎಷ್ಟು ಏದುಸಿರು ಬಿಟ್ಟರೂ ಕಾವು ಹೊರಗೆ ಹೋಗುವುದಿಲ್ಲ. ಕ್ರೇಟುಗಳ ಸುತ್ತ ಒದ್ದೆ ಗೋಣಿ ಕಟ್ಟಿ ನೀರು ಚಿಮುಕಿಸುವ ರೂಢಿ ಎಲ್ಲ ಕಡೆಯೂ ಇದೆ. ಒಣಗಾಳಿ ಬೀಸುವಲ್ಲಿ ಅದು ಉಪಕಾರ. ಗಾಳಿಯಾಡದ ಸೆಕೆಯ ಊರಲ್ಲಿ ಅದೇ ಗೋಣಿ ಒಳಗಿನ ತೇವವನ್ನು ಇನ್ನಷ್ಟು ಹೆಚ್ಚಿಸುತ್ತದೆ. ದಯೆಯಿಂದ ಮಾಡಿದ್ದೇ ಉಪದ್ರವವಾಗುವ ಬಗೆ ಇದು.

ಬ್ರಾಯ್ಲರ್ ಕೋಳಿ ಸುಮಾರು ಆರು ವಾರಕ್ಕೆ ಎರಡು ಕಿಲೋ ದಾಟುತ್ತದೆ. ಇಷ್ಟು ಬೇಗ ಬೆಳೆಯಲೆಂದೇ ಆಯ್ದು ತಂದ ತಳಿ, ಬೆಳೆಯುವ ರಭಸಕ್ಕೆ ಮೈಯಲ್ಲಿ ಹುಟ್ಟುವ ಕಾವೂ ಹೆಚ್ಚು. ಎತ್ತುವ ಕೆಲವು ಗಂಟೆ ಮೊದಲು ಮೇವು ನಿಲ್ಲಿಸುತ್ತಾರೆ. ಕರುಳು ಖಾಲಿಯಿದ್ದರೆ ಮಾಂಸ ಹೊಲಸಾಗುವುದಿಲ್ಲ, ಜೀರ್ಣವಾಗುವಾಗ ಏರುವ ಕಾವೂ ತಪ್ಪುತ್ತದೆ. ನೀರನ್ನು ಮಾತ್ರ ಹಿಡಿಯುವ ಕ್ಷಣದವರೆಗೂ ಇಡಬೇಕು. ಅವಸರದಲ್ಲಿ ಅದನ್ನೂ ಮೊದಲೇ ಎತ್ತಿಬಿಡುತ್ತಾರೆ. ಆಮೇಲೆ ಕಾಲು ಹಿಡಿದು, ಒಂದೊಂದು ಕೈಗೆ ಮೂರು ನಾಲ್ಕು, ತಲೆಕೆಳಗು. ಹಕ್ಕಿಗಳಿಗೆ ಮನುಷ್ಯರಿಗಿರುವಂಥ ವಪೆ ಇಲ್ಲ. ತಲೆಕೆಳಗಾದಾಗ ಹೊಟ್ಟೆಯ ಭಾರವೆಲ್ಲ ಉಸಿರಿನ ಚೀಲಗಳ ಮೇಲೆ ಬೀಳುತ್ತದೆ. ಸ್ಕೂಟರಿನ ಹ್ಯಾಂಡಲಿಗೆ ಜೋತುಬಿದ್ದು ಬಜಾರು ದಾಟುವ ಕೋಳಿಗಳು ಗಲಾಟೆ ಮಾಡದಿರುವುದು ಸಮಾಧಾನದಿಂದಲ್ಲ.

ಗಾಡಿ ಓಡುತ್ತಿರುವವರೆಗೆ ಹೇಗೋ ನಡೆಯುತ್ತದೆ, ಗಾಳಿ ಕ್ರೇಟುಗಳ ನಡುವೆ ನುಗ್ಗುತ್ತಿರುತ್ತದೆ. ಗಾಡಿ ನಿಂತಾಗ ಸಾವು ಶುರು. ಚಹಾಕ್ಕೆ ನಿಂತರೂ ಅಷ್ಟೆ, ಟೋಲಿನ ಸಾಲಿನಲ್ಲಿ ನಿಂತರೂ ಅಷ್ಟೆ, ಅಂಗಡಿ ಬಾಗಿಲು ತೆರೆಯಲೆಂದು ಕಾದರೂ ಅಷ್ಟೆ. ನೂರಾರು ಮೈಗಳ ಕಾವು ನಡುವಿನ ಕ್ರೇಟುಗಳಲ್ಲಿ ಕಟ್ಟಿಕೊಳ್ಳುತ್ತದೆ. ಹೊರಗಿನ ಸಾಲಿನ ಕೋಳಿ ಕಣ್ಣು ಮಿಟುಕಿಸುತ್ತಿರುವಾಗಲೇ ಒಳಗಿನವು ಕುತ್ತಿಗೆ ಚೆಲ್ಲಿರುತ್ತವೆ.

ಇದಕ್ಕೆ ಕಾನೂನಿಲ್ಲ ಎನ್ನುವ ಹಾಗಿಲ್ಲ. ಪ್ರಾಣಿಗಳ ಸಾಗಣೆಯ ನಿಯಮಗಳಿಗೆ 2001ರಲ್ಲಿ ಕೋಳಿಗಳ ಅಧ್ಯಾಯವೊಂದು ಸೇರಿತು. ಉಷ್ಣತೆ 25 ಡಿಗ್ರಿ ಮೀರಿದಾಗ ಅಥವಾ 15ಕ್ಕಿಂತ ಇಳಿದಾಗ ಕೋಳಿ ಸಾಗಿಸಬಾರದು ಎಂದು ಅದು ಹೇಳುತ್ತದೆ. ರಸ್ತೆಯ ಮೇಲೆ ಒಯ್ಯುವಾಗ ಒಂದರ ಮೇಲೊಂದು ಕ್ರೇಟು ಪೇರಿಸಬಾರದು ಎಂದೂ ಹೇಳುತ್ತದೆ. ಮೇ ತಿಂಗಳ ಮುಂಬಯಿಯಲ್ಲಿ ಬೆಳಗಿನ ಜಾವದಲ್ಲೂ 25 ಡಿಗ್ರಿ ಸಿಗುವುದು ಅಪರೂಪ. ಅಂದರೆ ಇಡೀ ಬೇಸಿಗೆ ಪ್ರತಿಯೊಂದು ಗಾಡಿಯೂ ನಿಯಮ ಮುರಿದೇ ಓಡುತ್ತಿದೆ. ಎಲ್ಲರೂ ತಪ್ಪಿತಸ್ಥರಾದರೆ ಯಾರನ್ನು ಹಿಡಿಯುವುದು? ನಡು ಮಧ್ಯಾಹ್ನ ತುಂಬಿದ ಗಾಡಿ ನಿಲ್ಲಿಸಿ ಊಟಕ್ಕೆ ಹೋದವನೂ, ನಸುಕಿನಲ್ಲಿ ಎಲ್ಲೂ ನಿಲ್ಲದೆ ಬಂದವನೂ ಈ ನಿಯಮದ ಕಣ್ಣಿಗೆ ಒಂದೇ. ಒಂದು ಕ್ರೇಟಿಗೆ ಎಷ್ಟು ಕೋಳಿ, ಎಷ್ಟು ಹೊತ್ತಿನ ದಾರಿ, ನಿಂತಲ್ಲಿ ನೆರಳು ಮತ್ತು ಫ್ಯಾನು ಇದೆಯೇ ಎಂದು ಕೇಳುವ ನಿಯಮವಿದ್ದರೆ ಪಾಲಿಸುವವರೂ ಇರುತ್ತಿದ್ದರು.

ಡೊಂಬಿವಲಿಯಲ್ಲಿ ಸಣ್ಣ ಹೋಟೆಲು ನಡೆಸುವ, ಕುಂದಾಪುರ ಕಡೆಯ ಒಬ್ಬರಿದ್ದಾರೆ. ಕೋಳಿ ತರಲು ಹುಡುಗರನ್ನು ಕಳಿಸುವುದಿಲ್ಲ, ಬೆಳಿಗ್ಗೆ ತಾವೇ ಹೋಗುತ್ತಾರೆ. ಒಂದು ಬೇಸಿಗೆಯಲ್ಲಿ ಅಂಗಡಿಯ ಹುಡುಗ ಆಗಲೇ ಸುಲಿದಿಟ್ಟ ಹತ್ತು ಹನ್ನೆರಡು ಕೋಳಿಗಳನ್ನು ಅರ್ಧ ಬೆಲೆಗೆ ಕೊಡುತ್ತೇನೆಂದ. ಅವರು ಒಂದನ್ನು ಎತ್ತಿ ನೋಡಿದರು. ಕೊಯ್ದಾಗ ರಕ್ತ ಹರಿಯದ ಕೋಳಿಯ ಮೈ ಕೆಂಪಡರಿ ಕಪ್ಪಾಗಿರುತ್ತದೆ. ಸತ್ತ ಮೇಲೆ ಕೊಯ್ದದ್ದು. ಬೇಡವೆಂದರು. ಅರ್ಧ ಗಂಟೆ ಬಿಟ್ಟು ಅದೇ ದಾರಿಯಲ್ಲಿ ಬಂದಾಗ ಆ ರಾಶಿ ಅಲ್ಲಿರಲಿಲ್ಲ. ಯಾರದೋ ಬಿರಿಯಾನಿಗೆ ಹೋಗಿತ್ತು.

ಆ ವಾರ ಅವರು ಅಂಗಡಿಯವನೊಡನೆ ಕೂತು ಮಾತಾಡಿದರು. ಬೇಸಿಗೆ ಮುಗಿಯುವವರೆಗೆ ಕ್ರೇಟಿಗೆ ಎರಡು ಕೋಳಿ ಕಡಿಮೆ ತುಂಬಿಸು, ಗಾಡಿ ಬೆಳಕು ಹರಿಯುವ ಮೊದಲು ಬರಲಿ ಎಂದರು. ಅಂಗಡಿಯವನು ನಕ್ಕ. "ಅಣ್ಣಾ, ಆ ಎರಡು ಕೋಳಿಯ ಗಾಡಿ ಬಾಡಿಗೆ ಯಾರು ಕೊಡುತ್ತಾರೆ?" ಅವನ ಪ್ರಶ್ನೆ ಸುಳ್ಳಲ್ಲ. ಸಾಕಿದ ರೈತನ ಲೆಕ್ಕ ಫಾರ್ಮಿನ ಬಾಗಿಲಲ್ಲಿ ತೂಕವಾದಾಗಲೇ ಮುಗಿದಿರುತ್ತದೆ. ಗಾಡಿಯವನಿಗೆ ಟ್ರಿಪ್ಪಿನ ದುಡ್ಡು. ಗಿರಾಕಿಗೆ ಕಿಲೋದ ರೇಟು. ಸತ್ತ ಕೋಳಿಯ ನಷ್ಟ ಮಾತ್ರ ಅಂಗಡಿಯವನ ತಲೆಗೆ, ಅವನು ಅದನ್ನು ಅರ್ಧ ಬೆಲೆಗೆ ದಾಟಿಸುತ್ತಾನೆ. ಹೀಗಾಗಿ ದಾರಿಯ ಆ ಐದಾರು ಗಂಟೆ ಕೋಳಿಯ ಯೋಗಕ್ಷೇಮ ಯಾರ ಪುಸ್ತಕದಲ್ಲೂ ಬರೆದಿರುವುದಿಲ್ಲ.

ಹೋಟೆಲಿನವರು ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಡಲು ಒಪ್ಪಿದರು. ಕ್ರೇಟು ಸ್ವಲ್ಪ ಸಡಿಲವಾಯಿತು, ಗಾಡಿಯ ಹೊತ್ತು ಮಾತ್ರ ಬದಲಾಗಲಿಲ್ಲ. ಹೋಟೆಲಿನ ಹಿಂದೆ ಬಿದ್ದಿದ್ದ ಹಳೆಯ ಸ್ಟ್ಯಾಂಡ್ ಫ್ಯಾನೊಂದನ್ನು ರಿಪೇರಿ ಮಾಡಿಸಿ ಅವರು ಅಂಗಡಿಗೆ ಕೊಟ್ಟರು. ಈಗ ಕ್ರೇಟುಗಳನ್ನು ಫುಟ್‌ಪಾತಿನ ಬಿಸಿಲಲ್ಲಿ ಇಡುವುದಿಲ್ಲ. ಒಳಗೋಡೆಯ ಪಕ್ಕ, ನಡುವೆ ಒಂದು ಗೇಣು ಸಂದು ಬಿಟ್ಟು ಇಡುತ್ತಾರೆ, ಫ್ಯಾನು ಆ ಸಂದಿಗೆ ಬೀಸುತ್ತದೆ. ಕರೆಂಟ್ ಬಿಲ್ಲಿನ ವಿಷಯ ಇಬ್ಬರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ.